ಗಣಿತಜ್ಞ ಬರ್ನ್‌ಹಾರ್ಡ್ ರೀಮನ್



ಒಂದು ದಿನ ವ್ಯಾಕರಣದ ಪಾಠವು ಮುಗಿದ ಬಳಿಕ ನಮ್ಮ ಒಂಬತ್ತನೆಯ ತರಗತಿಯ ಬಾಲಕನೊಬ್ಬನು ವೃತ್ತಪತ್ರಿಕೆಯ ತುಣುಕೊಂದನ್ನು ಹಿಡಿದುಕೊಂಡು ನಮ್ಮ ಮೇಜಿನ ಬಳಿಗೆ ಬಂದನು. ಅದರಲ್ಲಿ ಕೃಷ್ಣರಂಧ್ರ, ದೇಶಕಾಲದ ವಕ್ರತೆ, ಹತ್ತು ಆಯಾಮಗಳ ತಂತುಸಿದ್ಧಾಂತ ಎಂಬ ಪದಗಳಿದ್ದವು. ಇವುಗಳ ಅರ್ಥವೇನು, ಇವನ್ನು ಕನ್ನಡದಲ್ಲಿ ಓದಿದವರು ತಿಳಿಯಬಲ್ಲರೆ, ಅಥವಾ ಇವು ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಮಾತ್ರ ಮೀಸಲೆ ಎಂಬುದು ಆತನ ಪ್ರಶ್ನೆ. ನಾವು ಭಾಷೆಯನ್ನು ಕಲಿಸುವವರು; ಭೌತಶಾಸ್ತ್ರವು ನಮ್ಮ ವಿಷಯವಲ್ಲ. ನೋಡಿ ಹೇಳುವೆವೆಂದು ಆತನನ್ನು ಕಳುಹಿಸಿದೆವು. ಉತ್ತರವನ್ನು ಅರಸುತ್ತ ಹೋದಂತೆ ಆ ಪದಗಳ ಬೇರುಗಳೆಲ್ಲವೂ ಒಬ್ಬನೇ ವ್ಯಕ್ತಿಯ ಕಡೆಗೆ ಹರಿದಿರುವುದು ನಮಗೆ ಕಂಡುಬಂದಿತು. ಆತನು ಬಡ ಪಾದ್ರಿಯೊಬ್ಬನ ಮಗ. ನಾಲ್ಕು ಜನರೆದುರು ಬಾಯಿ ತೆರೆಯಲು ಅಂಜುವಷ್ಟು ಸಂಕೋಚದವನು. ನಲವತ್ತು ವರ್ಷಗಳನ್ನು ಕೂಡ ಬದುಕದೆ ಹೋದವನು. ಆತನೇ ಜರ್ಮನ್ ಗಣಿತಜ್ಞನಾದ ಬರ್ನ್‌ಹಾರ್ಡ್ ರೀಮನ್. ಆ ಬಾಲಕನಿಗೆ ಹೇಳಬೇಕೆಂದಿದ್ದುದನ್ನು ಈ ವರ್ಷದ ಸಂಚಿಕೆಯ ಮೂಲಕ ನಿಮ್ಮೆಲ್ಲರಿಗೂ ಹೇಳುತ್ತಿರುವೆವು.

ರೀಮನ್ನನು 1826ನೆಯ ಇಸವಿಯ ಸೆಪ್ಟೆಂಬರ್ 17ರಂದು ಹ್ಯಾನೋವರ್ ರಾಜ್ಯದ ಬ್ರೆಸೆಲೆಂಟ್ಸ್ ಎಂಬ ಸಣ್ಣ ಹಳ್ಳಿಯಲ್ಲಿ ಜನಿಸಿದನು. ಇಂದು ಜರ್ಮನಿಯೆಂದು ಕರೆಯಿಸಿಕೊಳ್ಳುವ ನಾಡು ಆಗ ಹಲವು ರಾಜ್ಯಗಳಾಗಿ ಹಂಚಿಹೋಗಿದ್ದಿತು. ತಂದೆಯು ಲೂಥರ್ ಪಂಥದ ಪಾದ್ರಿ. ಯೌವನದಲ್ಲಿ ನೆಪೋಲಿಯನ್ನನ ವಿರುದ್ಧ ನಡೆದ ಯುದ್ಧದಲ್ಲಿ ಹೋರಾಡಿದವನು. ಆರು ಮಂದಿ ಮಕ್ಕಳಲ್ಲಿ ಬರ್ನ್‌ಹಾರ್ಡನು ಎರಡನೆಯವನು. ಹಳ್ಳಿಯ ಪಾದ್ರಿಯ ವರಮಾನವು ಎಂಟು ಜನರ ಸಂಸಾರಕ್ಕೆ ಎಷ್ಟರದು? ಆದರೂ ಆ ಮನೆಯಲ್ಲಿ ಪ್ರೀತಿಗೆ ಬಡತನವಿರಲಿಲ್ಲ. ತಂದೆಯೇ ಬಾಲಕನಿಗೆ ಮೊದಲ ಗುರುವಾದನು. ಓದುಬರಹದ ಜೊತೆಗೆ ಲೆಕ್ಕವು ಆತನಿಗೆ ಆಟವೇ ಆಗಿದ್ದಿತು. ಕಠಿಣವಾದ ಲೆಕ್ಕಗಳನ್ನು ತಾನೇ ಕಟ್ಟಿ ಅಣ್ಣತಮ್ಮ ಅಕ್ಕತಂಗಿಯರ ಮುಂದೊಡ್ಡಿ ಅವರನ್ನು ಪೇಚಿಗೆ ಸಿಲುಕಿಸುವುದರಲ್ಲಿ ಆತನಿಗೆ ಬಹು ಸಂತೋಷ.

1840ರಲ್ಲಿ ಆತನನ್ನು ಹ್ಯಾನೋವರ್ ನಗರದ ಪ್ರೌಢಶಾಲೆಗೆ ಕಳುಹಿಸಿದರು. ಅಲ್ಲಿ ಅಜ್ಜಿಯ ಮನೆಯಲ್ಲಿ ವಾಸ. ಹಳ್ಳಿಯನ್ನು ಬಿಟ್ಟು ಬಂದ ಬಾಲಕನಿಗೆ ನಗರವು ಹಿಡಿಸಲಿಲ್ಲ. ಮನೆಯ ಹಂಬಲವು ಆತನನ್ನು ಸದಾ ಕಾಡುತ್ತಿದ್ದಿತು. ಊರು ಬಿಟ್ಟು ಈ ಮುಂಬಯಿಗೆ ಬಂದಿರುವ ನಮಗೂ, ನಿಮ್ಮಲ್ಲಿ ಅನೇಕರಿಗೂ ಆ ಹಂಬಲವು ಎಂತಹದೆಂಬುದು ತಿಳಿಯದ ಸಂಗತಿಯಲ್ಲ. ಎರಡು ವರ್ಷಗಳ ತರುವಾಯ ಅಜ್ಜಿಯು ತೀರಿಕೊಳ್ಳಲು, ಆತನು ಲ್ಯೂನೆಬುರ್ಗ್ ಎಂಬ ಊರಿನ ಶಾಲೆಯನ್ನು ಸೇರಿದನು.

ಲ್ಯೂನೆಬುರ್ಗಿನಲ್ಲಿ ಆತನಿಗೆ ಒಂದು ವಿಚಿತ್ರವಾದ ತೊಂದರೆಯಿದ್ದಿತು. ಪ್ರಬಂಧವನ್ನು ಬರೆದು ತರಲು ಹೇಳಿದರೆ ಗೊತ್ತಾದ ದಿನಕ್ಕೆ ತರುತ್ತಿರಲಿಲ್ಲ. ಸೋಮಾರಿತನದಿಂದಲ್ಲ, ಬರೆದುದರಲ್ಲಿ ಎಳ್ಳಷ್ಟು ದೋಷ ಕಂಡರೂ ಹರಿದು ಹಾಕಿ ಮತ್ತೆ ಮೊದಲಿನಿಂದ ತೊಡಗುತ್ತಿದ್ದನು. ಇತರ ಉಪಾಧ್ಯಾಯರು ಇದನ್ನು ತಪ್ಪೆಂದು ಎಣಿಸಿ ಸುಮ್ಮನಾಗಬಹುದಾಗಿದ್ದಿತು. ಆದರೆ ಹೀಬ್ರೂ ಭಾಷೆಯನ್ನು ಕಲಿಸುವ ಅಧ್ಯಾಪಕನೊಬ್ಬನು ಆತನನ್ನು ತನ್ನ ಮನೆಯಲ್ಲಿಯೇ ಇರಿಸಿಕೊಂಡು ತಿದ್ದಿದನು. ಶಾಲೆಯ ಮುಖ್ಯೋಪಾಧ್ಯಾಯನಾದ ಶ್ಮಾಲ್‌ಫುಸ್ಸನು ಬಾಲಕನ ಗಣಿತಪ್ರತಿಭೆಯನ್ನು ಕಂಡು ತನ್ನ ಸ್ವಂತ ಪುಸ್ತಕಗಳನ್ನು ಓದಲು ಕೊಟ್ಟನು. ಹೀಗೆ ಕೊಟ್ಟವುಗಳಲ್ಲಿ ಫ್ರಾನ್ಸಿನ ಲಜಾಂಡ್ರನು ಸಂಖ್ಯೆಗಳ ಸ್ವಭಾವವನ್ನು ಕುರಿತು ರಚಿಸಿದ ಬೃಹದ್ಗ್ರಂಥವೂ ಒಂದು. 800ಕ್ಕೂ ಮಿಕ್ಕಿದ ಪುಟಗಳ ಆ ಗ್ರಂಥವನ್ನು ಹುಡುಗನು ಆರೇ ದಿನಗಳಲ್ಲಿ ಓದಿ ಹಿಂದಿರುಗಿಸಿದನೆಂದೂ, ಬಹುಕಾಲದ ಮೇಲೆ ಪರೀಕ್ಷೆಯಲ್ಲಿ ಅದರಿಂದ ಕೇಳಿದ ಪ್ರಶ್ನೆಗಳಿಗೆ ತಡವರಿಸದೆ ಉತ್ತರಿಸಿದನೆಂದೂ ಆತನ ಚರಿತ್ರಕಾರರು ಹೇಳುವರು.

1846ರಲ್ಲಿ ರೀಮನ್ನನು ಗಾಟಿಂಗೆನ್ ವಿಶ್ವವಿದ್ಯಾಲಯವನ್ನು ಸೇರಿದನು. ತಂದೆಯಂತೆ ಪಾದ್ರಿಯಾಗಿ ಬೇಗನೆ ಸಂಪಾದನೆಗೆ ತೊಡಗಬೇಕೆಂಬುದು ಮನೆಯವರ ಅಪೇಕ್ಷೆ. ಆದುದರಿಂದ ಮೊದಲು ಆರಿಸಿಕೊಂಡ ವಿಷಯ ಧರ್ಮಶಾಸ್ತ್ರ. ಆದರೆ ಮನಸ್ಸು ಗಣಿತದ ಉಪನ್ಯಾಸಗಳ ಕಡೆಗೆ ಓಡುತ್ತಿದ್ದಿತು. ತಂದೆಯ ಮಾತನ್ನು ಮೀರದ ಈ ಮಗನು ಕಡೆಗೆ ಧೈರ್ಯ ಮಾಡಿ ಅನುಮತಿಯನ್ನು ಬೇಡಿದನು. ತಂದೆಯೂ ಸಂತೋಷದಿಂದಲೇ ಒಪ್ಪಿದನು. ಬಡವನಾದ ಒಬ್ಬ ತಂದೆಯ ಆ ಒಂದು ಒಪ್ಪಿಗೆಯಿಂದ ಜಗತ್ತಿನ ವಿಜ್ಞಾನಕ್ಕೆ ಎಷ್ಟು ಲಾಭವಾಯಿತೆಂಬುದನ್ನು ಮುಂದೆ ನೋಡುವಿರಿ. 1847ರಿಂದ 1849ರ ವರೆಗೆ ಬರ್ಲಿನ್ನಿನಲ್ಲಿ ಡಿರಿಖ್ಲೆ, ಯಾಕೋಬಿ ಮೊದಲಾದವರಲ್ಲಿ ಕಲಿತು, ಗಾಟಿಂಗೆನ್ನಿಗೆ ಮರಳಿ, 1851ರಲ್ಲಿ ಮಹಾಗಣಿತಜ್ಞ ಗೌಸನ ಬಳಿ ಡಾಕ್ಟರ್ ಪದವಿಯನ್ನು ಪಡೆದನು. ಆ ಪ್ರಬಂಧದಲ್ಲಿ ಆತನು ಬಳಕೆಗೆ ತಂದ, ಪದರಪದರವಾಗಿ ಹೆಣೆದುಕೊಂಡ ಮೇಲ್ಮೈಗಳಿಗೆ ಇಂದಿಗೂ ರೀಮನ್ ಮೇಲ್ಮೈಗಳೆಂದೇ ಹೆಸರು.

ಆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಅಧಿಕಾರ ದೊರೆಯಬೇಕಾದರೆ ಅಧ್ಯಾಪಕರ ಸಭೆಯ ಮುಂದೆ ಉಪನ್ಯಾಸವೊಂದನ್ನು ಕೊಡಬೇಕಾಗಿದ್ದಿತು. ಅಭ್ಯರ್ಥಿಯು ಮೂರು ವಿಷಯಗಳನ್ನು ಸೂಚಿಸುವನು. ಹಿರಿಯರು ಒಂದನ್ನು ಆರಿಸುವರು. ಸಾಮಾನ್ಯವಾಗಿ ಮೊದಲನೆಯದನ್ನೇ ಆರಿಸುವುದು ವಾಡಿಕೆ. ರೀಮನ್ನನು ಮೊದಲಿನ ಎರಡನ್ನು ಚೆನ್ನಾಗಿ ಸಿದ್ಧಪಡಿಸಿಕೊಂಡಿದ್ದನು. ಗೌಸನು ಆರಿಸಿದುದಾದರೋ ಮೂರನೆಯದನ್ನು! ರೇಖಾಗಣಿತದ ತಳಹದಿಯಲ್ಲಿರುವ ಊಹೆಗಳು ಎಂಬುದೇ ಆ ವಿಷಯ. ಗೌಸನು ತಾನೇ ಹಲವು ದಶಕಗಳ ಕಾಲ ಮೌನವಾಗಿ ಆಲೋಚಿಸಿದ್ದ ವಿಷಯವದು. ಆ ದಿನಗಳಲ್ಲಿ ರೀಮನ್ನನು ವಿದ್ಯುತ್ತು, ಕಾಂತತ್ವ, ಬೆಳಕು, ಗುರುತ್ವ ಇವೆಲ್ಲವುಗಳಿಗೂ ಇರುವ ಸಂಬಂಧವನ್ನು ಹುಡುಕುವುದರಲ್ಲಿ ಮುಳುಗಿದ್ದನು. ಕೆಲಸದ ಭಾರದಿಂದ ದೇಹವು ಕುಸಿಯಿತು; ಕೆಲವು ಕಾಲ ಹಾಸಿಗೆ ಹಿಡಿದನು. ಚೇತರಿಸಿಕೊಂಡು, ಸುಮಾರು ಏಳು ವಾರಗಳಲ್ಲಿ ಉಪನ್ಯಾಸವನ್ನು ಸಿದ್ಧಪಡಿಸಿದನು. 1854ರ ಜೂನ್ 10ರಂದು ಆತನು ಸಭೆಯ ಮುಂದೆ ನಿಂತನು.

ಆ ಸಭೆಯಲ್ಲಿ ಗಣಿತವನ್ನು ಬಲ್ಲವರು ವಿರಳ. ಇತಿಹಾಸ, ಭಾಷೆ, ತತ್ತ್ವಶಾಸ್ತ್ರಗಳ ಪಂಡಿತರೂ ಕುಳಿತಿದ್ದರು. ಅವರಿಗೂ ತಿಳಿಯಲೆಂದು ರೀಮನ್ನನು ಸೂತ್ರಗಳನ್ನು ಬಹುತೇಕ ಬಿಟ್ಟು, ಎಲ್ಲವನ್ನೂ ಮಾತಿನಲ್ಲಿಯೇ ಹೇಳಿದನು. ಗೌಸನು ಬಾಗಿದ ಮೇಲ್ಮೈಗಳನ್ನು ಕುರಿತ ತನ್ನ ಕೃತಿಯನ್ನು 1827ರಲ್ಲಿ ವಿದ್ವಾಂಸರ ಲ್ಯಾಟಿನ್ ಭಾಷೆಯಲ್ಲಿ ಬರೆದಿದ್ದನು. ರೀಮನ್ನನು ತನ್ನ ತಾಯ್ನುಡಿಯಾದ ಜರ್ಮನ್ನಿನಲ್ಲಿಯೇ ಮಾತನಾಡಿದನು. ಹೊಸ ಭಾವಕ್ಕೆ ಹೊಸ ಪದವು ಬೇಕಾದಾಗ, ಬಹುವಿಧವಾಗಿರುವಿಕೆ ಎಂಬರ್ಥದ ಜರ್ಮನ್ ಪದವೊಂದನ್ನು ತೆಗೆದುಕೊಂಡು ಅದಕ್ಕೆ ಶಾಸ್ತ್ರಾರ್ಥವನ್ನು ತುಂಬಿದನು. ನಾವು ಅದನ್ನು ಬಹುವಿಧತೆ ಎನ್ನೋಣ.

ಬಹುವಿಧತೆಯೆಂದರೇನು? ಹಳಿಯ ಮೇಲಿರುವ ರೈಲುಗಾಡಿಯ ಸ್ಥಾನವನ್ನು ತಿಳಿಸಲು ನಿಲ್ದಾಣದಿಂದ ಇಷ್ಟು ಕಿಲೋಮೀಟರ್ ಎಂಬ ಒಂದೇ ಸಂಖ್ಯೆ ಸಾಕು. ಸಮುದ್ರದ ಮೇಲಿನ ಹಡಗಿಗೆ ಅಕ್ಷಾಂಶ ರೇಖಾಂಶಗಳೆಂಬ ಎರಡು ಸಂಖ್ಯೆಗಳು ಬೇಕು. ಆಕಾಶದಲ್ಲಿ ಹಾರುವ ವಿಮಾನಕ್ಕೆ ಎತ್ತರವೂ ಸೇರಿ ಮೂರು. ಹೀಗೆ ಬೇಕಾಗುವ ಸಂಖ್ಯೆಗಳೆಷ್ಟೋ ಅಷ್ಟು ಆಯಾಮಗಳು. ಮೂರಕ್ಕೇ ನಿಲ್ಲಬೇಕೆಂಬ ನಿಯಮವೇನೂ ಗಣಿತದಲ್ಲಿಲ್ಲ. ನಾಲ್ಕು, ಹತ್ತು, ನೂರು ಆಯಾಮಗಳನ್ನೂ ಇದೇ ರೀತಿಯಲ್ಲಿ ಎಣಿಸಬಹುದು. ಕಣ್ಣಿಗೆ ಕಾಣದಿದ್ದರೂ ಲೆಕ್ಕಕ್ಕೆ ಸಿಕ್ಕುವುದು. ರೀಮನ್ನನು ಬಣ್ಣಗಳನ್ನೂ ಇಂತಹ ಬಹುವಿಧತೆಗೆ ಉದಾಹರಣೆಯಾಗಿ ಹೇಳಿದನು.

ಇನ್ನು ವಕ್ರತೆಯ ವಿಚಾರ. ಕಾಗದದ ಮೇಲೆ ಬರೆದ ತ್ರಿಕೋನದ ಮೂರು ಕೋನಗಳ ಮೊತ್ತವು 180 ಡಿಗ್ರಿ ಎಂಬುದನ್ನು ನೀವು ಕಲಿತಿರುವಿರಿ. ಆ ಕಾಗದವನ್ನು ಸುರುಳಿ ಸುತ್ತಿದರೂ ಆ ಮೊತ್ತವು ಬದಲಾಗದು. ಆದರೆ ಭೂಗೋಲದ ಮೇಲೆ ಪ್ರಯೋಗಿಸಿ ನೋಡಿರಿ. ಉತ್ತರ ಧ್ರುವದಿಂದ ಪರಸ್ಪರ ಲಂಬವಾಗಿ ಹೊರಟ ಎರಡು ರೇಖಾಂಶಗಳನ್ನು ಹಿಡಿದು ವಿಷುವದ್ರೇಖೆಯ ವರೆಗೆ ಇಳಿಯಿರಿ. ಆಗಾಗುವ ತ್ರಿಕೋನದಲ್ಲಿ ಮೂರೂ ಕೋನಗಳು ಲಂಬಕೋನಗಳೇ. ಮೊತ್ತವು 270 ಡಿಗ್ರಿ! ಕುಂಬಳಕಾಯಿಯ ಮೇಲೆ ಹರಿದಾಡುವ ಇರುವೆಯೊಂದಕ್ಕೆ ಅಳೆಯುವ ವಿದ್ಯೆ ತಿಳಿದಿದ್ದರೆ, ಅದು ಕಾಯಿಯಿಂದ ಹೊರಗೆ ಬಂದು ನೋಡದೆಯೇ ತನ್ನ ನೆಲವು ಬಾಗಿದೆಯೆಂದು ಹೇಳಬಲ್ಲುದು. ಮೇಲ್ಮೈಗಳ ಮಟ್ಟಿಗೆ ಇದನ್ನು ತೋರಿಸಿದವನು ಗೌಸ್. ನಾವು ಇರುವ, ಉಸಿರಾಡುವ ಈ ಮೂರು ಆಯಾಮದ ವಿಸ್ತಾರವೇ ಬಾಗಿರಬಹುದಲ್ಲವೆ, ಅದನ್ನೂ ಒಳಗಿನಿಂದಲೇ ಅಳೆಯಬಹುದಲ್ಲವೆ ಎಂದು ಕೇಳಿ, ಅಳೆಯುವ ಬಗೆಯನ್ನೂ ತೋರಿಸಿದವನು ರೀಮನ್. ಈ ವಿಸ್ತಾರಕ್ಕೆ ನಮ್ಮ ಶಾಸ್ತ್ರಗಳಲ್ಲಿ ದೇಶವೆಂಬ ಹೆಸರಿದೆ; ಇಲ್ಲಿ ದೇಶವೆಂದರೆ ರಾಜ್ಯವಲ್ಲ, ವಸ್ತುಗಳಿಗೆ ಎಡೆಗೊಡುವ ತಾಣ.

ಅಳೆಯುವ ಬಗೆಯೂ ನಿಮಗೆ ಅಪರಿಚಿತವಲ್ಲ. ಲಂಬಕೋನದ ಎರಡು ಬಾಹುಗಳು 3 ಮತ್ತು 4 ಆಗಿದ್ದರೆ ಕರ್ಣವು 5 ಎಂಬ ಪೈಥಾಗೊರಸ್ಸನ ನಿಯಮವೇ ಅದರ ಮೂಲ. ಬಾಗಿದ ದೇಶದಲ್ಲಿ ಈ ನಿಯಮವು ಅತಿ ಸಣ್ಣ ದೂರಗಳಿಗೆ ಮಾತ್ರ ಸಲ್ಲುವುದು. ಅದೂ ಸ್ಥಳದಿಂದ ಸ್ಥಳಕ್ಕೆ ಬದಲಾಗುವ ಗುಣಕಗಳೊಡನೆ. ಎರಡು ಆಯಾಮಗಳಿದ್ದರೆ ಅಂತಹ ಗುಣಕಗಳು 3, ಮೂರಿದ್ದರೆ 6, ನಾಲ್ಕಿದ್ದರೆ 10. ಉಪನ್ಯಾಸದ ಕಡೆಯಲ್ಲಿ ರೀಮನ್ನನು ಮತ್ತೂ ದೂರ ನೋಡಿದನು. ದೇಶದ ಆಕಾರವು ಬರಿಯ ತರ್ಕದಿಂದ ಗೊತ್ತಾಗತಕ್ಕುದಲ್ಲ, ಅನುಭವದಿಂದ ತಿಳಿಯಬೇಕಾದುದು. ಅತ್ಯಂತ ಸೂಕ್ಷ್ಮವಾದ ಎಡೆಗಳಲ್ಲಿ ನಮ್ಮ ಅಳತೆಯ ನಿಯಮಗಳೇ ಸಲ್ಲದಿರಬಹುದು. ಆ ನಿಯಮಗಳ ಕಾರಣವನ್ನು ಅಲ್ಲಿ ಕೆಲಸ ಮಾಡುವ ಶಕ್ತಿಗಳಲ್ಲಿ ಹುಡುಕಬೇಕಾಗಬಹುದು ಎಂದು ಸೂಚಿಸಿ ಮುಗಿಸಿದನು. 77 ವರ್ಷದ ಗೌಸನು ಮನೆಗೆ ಮರಳುವಾಗ, ಯಾರನ್ನೂ ಸುಲಭವಾಗಿ ಹೊಗಳದವನು, ಅಪರೂಪದ ಉತ್ಸಾಹದಿಂದ ಈ ತರುಣನನ್ನು ಕೊಂಡಾಡಿದನಂತೆ. ಮರುವರ್ಷ ಫೆಬ್ರುವರಿಯಲ್ಲಿ ಗೌಸನು ಕಾಲವಾದನು. ಉಪನ್ಯಾಸವು ಅಚ್ಚಾಗದೆ ರೀಮನ್ನನ ಕಾಗದಗಳ ನಡುವೆ ಉಳಿಯಿತು.

ಪಾಠ ಹೇಳುವ ಅಧಿಕಾರವೇನೋ ದೊರೆಯಿತು. ಸಂಬಳ ಮಾತ್ರ ದೊರೆಯಲಿಲ್ಲ. ವಿದ್ಯಾರ್ಥಿಗಳು ಕೊಡುವ ಶುಲ್ಕವೇ ಜೀವನಾಧಾರ. ಮೊದಲ ತರಗತಿಗೆ ಎಂಟು ಮಂದಿ ಬಂದುದಕ್ಕೆ ರೀಮನ್ನನು ಹಿಗ್ಗಿದನು! ಮೊದಮೊದಲು ಆತನಿಗೆ ಸರಾಗವಾಗಿ ಪಾಠ ಹೇಳಲು ಬರುತ್ತಿರಲಿಲ್ಲ. ಆತನ ಮನಸ್ಸು ಮೆಟ್ಟಿಲುಗಳನ್ನು ಹಾರಿ ಹೋಗುತ್ತಿದ್ದಿತು. ಕೇಳುವವರು ಹಿಂದೆ ಉಳಿಯುತ್ತಿದ್ದರು. ಅವರ ಮುಖಗಳನ್ನು ನೋಡಿ ನೋಡಿ, ಎಲ್ಲಿ ನಿಲ್ಲಬೇಕು, ಎಲ್ಲಿ ಬಿಡಿಸಿ ಹೇಳಬೇಕು ಎಂಬುದನ್ನು ಆತನು ಮೆಲ್ಲಮೆಲ್ಲನೆ ಕಲಿತನು. 1855ರಲ್ಲಿ ವರ್ಷಕ್ಕೆ 200 ಥಾಲರುಗಳ ಅಲ್ಪ ವೇತನವು ಗೊತ್ತಾಯಿತು. ಅದೇ ವರ್ಷ ತಂದೆಯೂ ಒಬ್ಬ ತಂಗಿಯೂ ತೀರಿಕೊಂಡರು. ಉಳಿದ ತಂಗಿಯರನ್ನು ಅಂಚೆಯ ಕಛೇರಿಯಲ್ಲಿ ಗುಮಾಸ್ತನಾಗಿದ್ದ ತಮ್ಮನು ಸಲಹುತ್ತಿದ್ದನು. 1857ರಲ್ಲಿ ಆ ತಮ್ಮನೂ ಹೋಗಲು, ಮೂವರು ತಂಗಿಯರ ಭಾರವು ರೀಮನ್ನನ ಮೇಲೆ ಬಿದ್ದಿತು. ಅವರಲ್ಲಿ ಒಬ್ಬಳು ಬಹುಕಾಲ ಬದುಕಲಿಲ್ಲ. ಇಂತಹ ದುಃಖಗಳ ನಡುವೆಯೇ ಆತನ ಶ್ರೇಷ್ಠ ಕೃತಿಗಳು ಹುಟ್ಟಿದುವು.

1859ರಲ್ಲಿ ಡಿರಿಖ್ಲೆಯು ಮರಣಹೊಂದಲು, ಗೌಸನು ಕುಳಿತಿದ್ದ ಪೀಠವು ರೀಮನ್ನನಿಗೆ ದೊರೆಯಿತು. ಅದೇ ವರ್ಷ ಅವಿಭಾಜ್ಯ ಸಂಖ್ಯೆಗಳನ್ನು ಕುರಿತು ಕೆಲವೇ ಪುಟಗಳ ಲೇಖನವೊಂದನ್ನು ಪ್ರಕಟಿಸಿದನು. ಅದರಲ್ಲಿ ಆತನು ಸಾಧಿಸದೆ ಬಿಟ್ಟ ಒಂದು ಊಹೆಯನ್ನು ಇಂದಿನ ವರೆಗೂ ಯಾರೂ ಸಾಧಿಸಿಲ್ಲ. 2000ದಲ್ಲಿ ಅಮೆರಿಕದ ಕ್ಲೇ ಗಣಿತ ಸಂಸ್ಥೆಯು ಅದಕ್ಕೆ 10 ಲಕ್ಷ ಡಾಲರುಗಳ ಬಹುಮಾನವನ್ನು ಗೊತ್ತುಮಾಡಿತು. 1862ರಲ್ಲಿ ತಂಗಿಯ ಗೆಳತಿಯಾದ ಎಲಿಸೆ ಕೋಖ್ ಎಂಬಾಕೆಯೊಡನೆ ಆತನ ವಿವಾಹವಾಯಿತು. ಸುಖವು ಕೆಲವೇ ತಿಂಗಳುಗಳದು. ಎದೆಯ ರೋಗವು ತಲೆದೋರಿ ಕ್ಷಯಕ್ಕೆ ತಿರುಗಿತು. ಬೆಚ್ಚನೆಯ ಹವೆಯನ್ನು ಅರಸಿ ಮತ್ತೆ ಮತ್ತೆ ಇಟಲಿಗೆ ಹೋಗುತ್ತಿದ್ದನು. ಮಗಳು ಹುಟ್ಟಿದುದೂ ಅಲ್ಲಿಯ ಪೀಸಾ ನಗರದಲ್ಲಿ. 1866ರಲ್ಲಿ ಪ್ರಷ್ಯಕ್ಕೂ ಹ್ಯಾನೋವರಿಗೂ ಯುದ್ಧ ನಡೆಯುತ್ತಿರಲು ಕಡೆಯ ಬಾರಿ ಇಟಲಿಗೆ ಹೊರಟನು. ಮಜ್ಜೋರೆ ಸರೋವರದ ದಡದ ಸೆಲಾಸ್ಕ ಗ್ರಾಮದಲ್ಲಿ, ಸಾಯುವ ಹಿಂದಿನ ದಿನವೂ ಅಂಜೂರದ ಮರದಡಿಯಲ್ಲಿ ಕುಳಿತು ತನ್ನ ಕೆಲಸದಲ್ಲಿಯೇ ತೊಡಗಿದ್ದನು. ಜುಲೈ 20ರಂದು ಶಾಂತವಾಗಿ ಕಣ್ಮುಚ್ಚಿದನು. ಆಗ ಆತನಿಗೆ 39 ವರ್ಷ.

ಆದರೆ ನಮ್ಮ ಕಥೆಯು ಇಲ್ಲಿಗೆ ಮುಗಿಯದು. ಮಿತ್ರನಾದ ಡೆಡೆಕಿಂಡನು ಕಾಗದಗಳನ್ನು ಶೋಧಿಸಿ, 1854ರ ಆ ಉಪನ್ಯಾಸವನ್ನು 1868ರಲ್ಲಿ ಬೆಳಕಿಗೆ ತಂದನು. 1873ರಲ್ಲಿ ಇಂಗ್ಲೆಂಡಿನ ಕ್ಲಿಫರ್ಡನು ಅದನ್ನು ಇಂಗ್ಲಿಷಿಗೆ ಅನುವಾದಿಸಿದನು. ಇಟಲಿಯ ರಿಚ್ಚಿ ಮತ್ತು ಲೆವಿ-ಚಿವಿಟರು ಆ ಗಣಿತವನ್ನು ವಿಸ್ತರಿಸಿದರು. 1912ರಲ್ಲಿ ಜೂರಿಕ್ ನಗರದಲ್ಲಿ ಐನ್‌ಸ್ಟೈನನು ಗುರುತ್ವದ ಸಮಸ್ಯೆಯಲ್ಲಿ ಸಿಲುಕಿದ್ದಾಗ, ಸಹಪಾಠಿಯಾಗಿದ್ದ ಗ್ರೋಸ್‌ಮನ್ನನು ರೀಮನ್ನನ ಗಣಿತವನ್ನು ತೋರಿಸಿಕೊಟ್ಟನು. 1915ರ ನವೆಂಬರಿನಲ್ಲಿ ಐನ್‌ಸ್ಟೈನನ ಸಿದ್ಧಾಂತವು ಪೂರ್ಣವಾಯಿತು. ದೇಶದ ಮೂರು ಆಯಾಮಗಳೊಡನೆ ಕಾಲವನ್ನೂ ಸೇರಿಸಿದ ನಾಲ್ಕು ಆಯಾಮದ ದೇಶಕಾಲವು ದ್ರವ್ಯರಾಶಿಯ ಬಳಿ ಬಾಗುವುದು. ಆ ಬಾಗನ್ನೇ ನಾವು ಗುರುತ್ವವೆನ್ನುವೆವು. ರೀಮನ್ನನು ಎಣಿಸಿದ ಹತ್ತು ಗುಣಕಗಳೇ ಇಲ್ಲಿ ಗುರುತ್ವವನ್ನು ವರ್ಣಿಸುವುವು. 1919ರ ಮೇ 29ರ ಸೂರ್ಯಗ್ರಹಣದಲ್ಲಿ ನಕ್ಷತ್ರಗಳ ಬೆಳಕು ಸೂರ್ಯನ ಬಳಿ ಬಾಗುವುದು ಕಂಡುಬಂದಿತು. ದೇಶದ ಆಕಾರವನ್ನು ಅನುಭವದಿಂದ ತಿಳಿಯಬೇಕೆಂಬ ರೀಮನ್ನನ ಮಾತು 65 ವರ್ಷಗಳ ಮೇಲೆ ನಿಜವಾಯಿತು.

ಕೃಷ್ಣರಂಧ್ರವೆಂಬುದು ಇದೇ ಬಾಗಿನ ಪರಾಕಾಷ್ಠೆ. 1916ರಲ್ಲಿ ಶ್ವಾರ್ಟ್ಸ್‌ಷೀಲ್ಡನು ಕಂಡುಹಿಡಿದ ಉತ್ತರದಂತೆ, ಸೂರ್ಯನಷ್ಟು ದ್ರವ್ಯವನ್ನು ಸುಮಾರು 3 ಕಿಲೋಮೀಟರ್ ತ್ರಿಜ್ಯದ ಗೋಲದೊಳಗೆ ಅದುಮಿದರೆ ಬೆಳಕು ಕೂಡ ಅಲ್ಲಿಂದ ಹೊರಬಾರದು. ಇಂತಹ ರಂಧ್ರವು ಕದಲಿಸಿದರೆ ಒಡೆದುಹೋಗುವುದೋ ನಿಲ್ಲುವುದೋ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ ಅವರೂ ಒಬ್ಬರು. ಇವರು ಕನ್ನಡ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಪುತ್ರರು. ಅದು ಸ್ಥಿರವಾಗಿ ನಿಲ್ಲುವುದೆಂದೂ, ಕದಲಿದಾಗ ಹೊಡೆದ ಗಂಟೆಯ ನಾದವು ಅಡಗುವಂತೆ ಅದರ ಕಂಪನವು ಅಡಗುವುದೆಂದೂ ಅವರು 1970ರಲ್ಲಿ ತೋರಿಸಿದರು. ಎರಡು ಕೃಷ್ಣರಂಧ್ರಗಳು ಕೂಡಿದಾಗ ಎದ್ದ ಗುರುತ್ವದ ಅಲೆಗಳನ್ನು ಅಮೆರಿಕದ ಯಂತ್ರಗಳು 2015ರ ಸೆಪ್ಟೆಂಬರ್ 14ರಂದು ಮೊತ್ತಮೊದಲು ಹಿಡಿದಾಗ, ಆ ಅಡಗುವ ನಾದವೂ ಅದರಲ್ಲಿ ಗೋಚರಿಸಿತು. ವಿಶ್ವೇಶ್ವರ ಅವರು 2017ರಲ್ಲಿ ನಿಧನರಾದರು. ಆ ಅಲೆಗಳ ಸುದ್ದಿಯನ್ನು ಕೇಳುವ ಭಾಗ್ಯವು ಅವರಿಗಿದ್ದಿತು.

ಉಳಿದುದು ತಂತುಸಿದ್ಧಾಂತ. ಜಗತ್ತಿನ ಮೂಲಕಣಗಳು ಚುಕ್ಕೆಗಳಲ್ಲ, ಅತಿ ಸೂಕ್ಷ್ಮವಾಗಿ ಮಿಡಿಯುವ ತಂತುಗಳು ಎಂಬುದು ಅದರ ಊಹೆ. ಅಂತಹ ತಂತುವು ಚಲಿಸುವಾಗ ಬರೆಯುವ ಮೇಲ್ಮೈಯನ್ನು ಲೆಕ್ಕಿಸಲು 1851ರ ರೀಮನ್ ಮೇಲ್ಮೈಗಳೇ ಬೇಕು. ಈ ಸಿದ್ಧಾಂತಕ್ಕೆ ಹತ್ತು ಆಯಾಮಗಳು ಅವಶ್ಯ. ಮಿಕ್ಕ ಆರು ಎಲ್ಲಿ? ಬಾವಿಯ ಹಗ್ಗವು ದೂರದಿಂದ ಬರಿಯ ಗೆರೆಯಂತೆ ಕಾಣುವುದು. ಅದರ ಮೇಲಿನ ಇರುವೆಗೆ ಮಾತ್ರ ಹಗ್ಗದ ಸುತ್ತಲೂ ದಾರಿಯಿದೆಯೆಂದು ಗೊತ್ತು. ಹಾಗೆ ಆ ಆರು ಆಯಾಮಗಳೂ ನಮ್ಮ ಅಳತೆಗೆ ಸಿಕ್ಕದಷ್ಟು ಸಣ್ಣದಾಗಿ ಸುರುಳಿಗೊಂಡಿರಬಹುದೆಂದು ಹೇಳುವರು. ಇದು ಊಹೆಯೇ ಹೊರತು, ಯಾವ ಪ್ರಯೋಗವೂ ಇದನ್ನು ಇನ್ನೂ ಸ್ಥಾಪಿಸಿಲ್ಲ ಎಂಬುದನ್ನು ಮರೆಯಬೇಡಿರಿ. ಗುರುತ್ವ, ವಿದ್ಯುತ್ತು, ಬೆಳಕುಗಳನ್ನು ಒಂದು ಸೂತ್ರದಲ್ಲಿ ಕೋಯಬೇಕೆಂದು ರೀಮನ್ನನು ತರುಣನಾಗಿದ್ದಾಗ ಪಟ್ಟ ಆಸೆಯು ಇಂದಿಗೂ ಪೂರ್ಣವಾಗಿ ಈಡೇರಿಲ್ಲ. ಅದು ನಿಮ್ಮ ತಲೆಮಾರಿಗಾಗಿ ಕಾದಿರಲೂಬಹುದು.

ಇದೇ ಆ ಬಾಲಕನ ಪ್ರಶ್ನೆಗೆ ನಮ್ಮ ಉತ್ತರ. ಬಾಗು, ಆಯಾಮ, ತಂತು, ರಂಧ್ರ ಇವು ಹಳ್ಳಿಯ ಬಾವಿಕಟ್ಟೆಯಲ್ಲಿಯೂ ಅರ್ಥಮಾಡಿಸಬಹುದಾದ ಮಾತುಗಳು. ರೀಮನ್ನನು ಗಣಿತವರಿಯದ ಪಂಡಿತರಿಗೆ ತಿಳಿಯಲೆಂದು ತನ್ನ ನುಡಿಯ ಪದಗಳನ್ನೇ ಹಿಡಿದು ನಡೆದನು. ಜಗತ್ತೇ ಆತನ ಹಿಂದೆ ಬಂದಿತು. ನಾವೂ ಊರಿನ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯ ವರೆಗೆ ಓದಿ ಈ ನಗರಕ್ಕೆ ಬಂದವರು. ಮೊದಲ ದಿನಗಳಲ್ಲಿ ಸಭೆಯಲ್ಲಿ ಎದ್ದು ನಿಂತರೆ ನಾಲಗೆಯು ಒಣಗುತ್ತಿದ್ದಿತು. ಆದುದರಿಂದ ತರಗತಿಯ ಕಡೆಯ ಬೆಂಚಿನಲ್ಲಿ ಉತ್ತರವನ್ನು ಬಲ್ಲವನಾಗಿಯೂ ಕೈಯೆತ್ತದೆ ಕುಳಿತಿರುವ ಮಗುವಿಗೆ ಒಂದು ಮಾತನ್ನು ಹೇಳಬಯಸುವೆವು. ಮೆಲುದನಿಯು ದೋಷವಲ್ಲ. ಇಂಗ್ಲಿಷನ್ನೂ ಗಣಿತವನ್ನೂ ಶ್ರದ್ಧೆಯಿಂದ ಕಲಿಯಿರಿ. ಆದರೆ ಆಲೋಚನೆಗೆ ತಾಯ್ನುಡಿಯು ಸಾಲದೆಂದು ಎಂದಿಗೂ ಎಣಿಸದಿರಿ.

ತುಣುಕನ್ನು ತಂದ ಬಾಲಕನು ಈಗ ಹತ್ತನೆಯ ತರಗತಿಯಲ್ಲಿರುವನು. ಆತನು ಕೇಳಿದ ದಿನವೇ ಉತ್ತರ ಹೇಳಲಾಗದಿದ್ದುದಕ್ಕೆ ನಮ್ಮನ್ನು ಕ್ಷಮಿಸಲಿ. ಮುಂದಿನ ಪ್ರಶ್ನೆಯೊಡನೆ ಬರಲಿ.